371(ಜೆ)ಯಿಂದ ಸತ್ತ ಮಗನವರೆಗೆ: ಬಳ್ಳಾರಿಯ ಒಂದು ಉಪಚುನಾವಣೆಯ ಪ್ರಕರಣ

2018ರ ಅಕ್ಟೋಬರ್ ಕೊನೆಯ ವಾರ. ಬಳ್ಳಾರಿಯ ಗಾಂಧಿನಗರದಲ್ಲಿ ನಾನು ಆಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುತ್ತಿದ್ದೆ. ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಪೇದೆ, ಹೀಗೆ. ಮಹಡಿ ಮೇಲೆ ತಗಡಿನ ಸೂರಿನ ಒಂದು ಉದ್ದ ಹಾಲು, ನಲವತ್ತು ಹುಡುಗ ಹುಡುಗಿಯರು. ಕೆಳಗೆ ಪ್ರಚಾರದ ಆಟೋ ಬಂದರೆ ಅದು ತಿರುವು ದಾಟುವವರೆಗೆ ಪಾಠ ನಿಲ್ಲಿಸಬೇಕಿತ್ತು. ಲೋಕಸಭೆ ಉಪಚುನಾವಣೆ ನಡೆಯುತ್ತಿತ್ತು. ನವೆಂಬರ್ 3ಕ್ಕೆ ಮತದಾನ.

ಆ ವಾರ ನಮ್ಮ ಪಾಠ ಸಂವಿಧಾನದ 371(ಜೆ), ಅಂದರೆ ಹೈದರಾಬಾದ್ ಕರ್ನಾಟಕ ಭಾಗದವರಿಗೆ ನೌಕರಿ ಮತ್ತು ಕಾಲೇಜು ಸೀಟುಗಳಲ್ಲಿ ಮೀಸಲಾತಿಗೆ ದಾರಿ ಮಾಡಿದ ವಿಧಿ. ಕಾಕತಾಳೀಯ ಅಂದರೆ, ಅದೇ ವಾರ ಪ್ರಚಾರದಲ್ಲೂ 371(ಜೆ) ಬಂತು. ಬಂದದ್ದು ಒಂದು ಪ್ರಶ್ನೆಯಾಗಿ. ಕೆಲವೇ ದಿನಗಳಲ್ಲಿ ಅದು ಕುಟುಕಾಯಿತು, ಕುಟುಕು ಬೈಗುಳವಾಯಿತು, ಬೈಗುಳ ಒಬ್ಬ ತಂದೆಯ ಸತ್ತ ಮಗನವರೆಗೆ ಹೋಯಿತು. ಒಂದು ನಿಜವಾದ ವಿಷಯ ಇಷ್ಟು ಬೇಗ ಇಷ್ಟು ಕೆಳಗೆ ಇಳಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅದಕ್ಕೇ ಈ ಒಂದೇ ಪ್ರಕರಣವನ್ನು ಹಿಡಿದು ಬರೆಯುತ್ತಿದ್ದೇನೆ.

ಮಾತಾಡಿದ ನಾಯಕರ ಹೆಸರನ್ನು ನಾನು ಬೇಕೆಂದೇ ಬರೆಯುವುದಿಲ್ಲ. ಬಳ್ಳಾರಿಯವರಿಗೆ ಯಾರು ಅಂತ ಗೊತ್ತೇ ಇದೆ. ಹೆಸರು ಬಂದ ತಕ್ಷಣ ಓದುವವರು ಎರಡು ಗುಂಪಾಗುತ್ತಾರೆ, ಆಮೇಲೆ ಮಾತು ಹೋದ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಬೇಕಾಗಿರುವುದು ಆ ದಾರಿ.

ಆರು ತಿಂಗಳ ಸೀಟು

ಮೊದಲು ಹಿನ್ನೆಲೆ. 2014ರಲ್ಲಿ ಬಳ್ಳಾರಿಯಿಂದ ಸಂಸದರಾಗಿದ್ದ ಬಿ. ಶ್ರೀರಾಮುಲು 2018ರ ಮೇ ತಿಂಗಳಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಲೋಕಸಭೆ ಸ್ಥಾನ ಖಾಲಿಯಾಯಿತು. ಶಿವಮೊಗ್ಗ, ಮಂಡ್ಯದ ಜೊತೆ ಬಳ್ಳಾರಿಗೂ ಉಪಚುನಾವಣೆ ಬಂತು. ಬಿಜೆಪಿಯಿಂದ ಶ್ರೀರಾಮುಲು ಅವರ ತಂಗಿ ಜೆ. ಶಾಂತಾ ನಿಂತರು. ಅವರು 2009ರಲ್ಲಿ ಇಲ್ಲಿಂದಲೇ ಗೆದ್ದವರು. ಕಾಂಗ್ರೆಸ್ಸಿನಿಂದ ವಕೀಲರಾದ ವಿ.ಎಸ್. ಉಗ್ರಪ್ಪ, ಜೆಡಿಎಸ್ ಬೆಂಬಲದೊಂದಿಗೆ.

ಗೆದ್ದವರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಆರು ತಿಂಗಳು. 2019ರ ಬೇಸಿಗೆಯಲ್ಲಿ ಮತ್ತೆ ಸಾರ್ವತ್ರಿಕ ಚುನಾವಣೆ. ಆರು ತಿಂಗಳಿಗೆ ಯಾರು ಏನು ಭರವಸೆ ಕೊಡೋಕೆ ಆಗುತ್ತೆ? ತುಂಗಭದ್ರಾ ಡ್ಯಾಮಿನ ಹೂಳು ತೆಗೆಸುತ್ತೇನೆ ಅನ್ನಬಹುದಾ? 133 ಟಿಎಂಸಿಗೆ ಕಟ್ಟಿದ ಡ್ಯಾಮು ಹೂಳು ತುಂಬಿ ಆಗಿನ ಲೆಕ್ಕಕ್ಕೆ ಸುಮಾರು 100 ಟಿಎಂಸಿಗೆ ಇಳಿದಿತ್ತು, ಅದು ಆರು ತಿಂಗಳ ಕೆಲಸ ಅಲ್ಲ. ಕೊಡಲಿಕ್ಕೆ ಭರವಸೆ ಇಲ್ಲದ ಚುನಾವಣೆಯಲ್ಲಿ ಉಳಿಯುವುದು ಮರ್ಯಾದೆ ಪ್ರಶ್ನೆ ಒಂದೇ. ಯಾರ ಕೈ ಮೇಲಾಯಿತು, ಅಷ್ಟೇ. ಈ ಪ್ರಕರಣದಲ್ಲಿ ಮಾತು ಹದ ತಪ್ಪಲು ಮೊದಲ ಕಾರಣ ಇದು ಎಂದು ನನ್ನ ಅಭಿಪ್ರಾಯ.

ಎರಡನೆಯದು ಹಳೇ ಲೆಕ್ಕ. ಪ್ರಚಾರದ ದೊಡ್ಡ ಮುಖಗಳು ಅಭ್ಯರ್ಥಿಗಳಾಗಿರಲಿಲ್ಲ. ಅವರಲ್ಲಿ ಇಬ್ಬರು ಐದು ತಿಂಗಳ ಹಿಂದಷ್ಟೇ ಬಾದಾಮಿಯಲ್ಲಿ ಎದುರುಬದುರು ನಿಂತಿದ್ದರು. ಅಂತರ ಬರೀ 1,696 ಮತ. ಅದಕ್ಕೂ ಹಿಂದೆ 2010ರಲ್ಲಿ ವಿಧಾನಸಭೆಯೊಳಗೆ ತೊಡೆ ತಟ್ಟಿದ ಸವಾಲು, ಅದರ ಬೆನ್ನಿಗೆ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ. ಆ ಸಿಟ್ಟೆಲ್ಲ 2018ರ ವೇದಿಕೆಗೂ ಬಂದಿತ್ತು. ಅಭ್ಯರ್ಥಿಗಳಿಬ್ಬರೂ ಪಕ್ಕಕ್ಕೆ ಸರಿದಂತಾದರು. ಉಗ್ರಪ್ಪ ಹೊರಗಿನವರು ಅನ್ನುವ ಮಾತು ಒಂದಿಷ್ಟು ಓಡಿತು. ಒಮ್ಮೆ ಐದು ವರ್ಷ ಸಂಸದೆಯಾಗಿದ್ದ ಶಾಂತಾ ಅವರ ಆ ಅವಧಿಯ ಕೆಲಸದ ಬಗ್ಗೆ ಹೊಗಳಿಕೆಯನ್ನಾಗಲಿ ಟೀಕೆಯನ್ನಾಗಲಿ ನಾನು ಸರಿಯಾಗಿ ಕೇಳಲೇ ಇಲ್ಲ.

ಒಳ್ಳೆ ಪ್ರಶ್ನೆ ಹಾಳಾದ ಬಗೆ

371(ಜೆ) ಅಂದರೆ ನಮ್ಮ ಭಾಗದಲ್ಲಿ ಅನ್ನದ ಪ್ರಶ್ನೆ. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ ಈ ತಿದ್ದುಪಡಿ ಒಪ್ಪಿತು. 2013ರಿಂದ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಗಿನ ಆರು ಜಿಲ್ಲೆಗಳಿಗೆ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನಲ್ಲಿ ಶೇಕಡಾ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಇಲ್ಲಿನವರಿಗೆ ಮೀಸಲು. ಇಲ್ಲಿನ ಕಾಲೇಜುಗಳಲ್ಲಿ ಶೇಕಡಾ 70 ಸೀಟು. ಇದರ ಹಿಂದೆ ದಶಕಗಳ ಹೋರಾಟ ಇದೆ. ನನ್ನ ಹಾಲಿನಲ್ಲಿ ಕೂತಿದ್ದ ನಲವತ್ತೂ ಮಂದಿ ಈ ಅಂಕಿಗಳನ್ನು ನಿದ್ದೆಯಲ್ಲೂ ಹೇಳಬಲ್ಲವರು.

ಆದರೆ ಅಂಕಿ ಗೊತ್ತಿದ್ದರೆ ನೌಕರಿ ಬರುವುದಿಲ್ಲ. ಅರ್ಹತಾ ಪ್ರಮಾಣಪತ್ರ ಬೇಕು, ಎಲ್ಲರೂ ಹೈ-ಕ (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್ ಅನ್ನೋದು ಅದನ್ನೇ. ಸಿರುಗುಪ್ಪ ಕಡೆಯ ಒಬ್ಬ ಹುಡುಗಿ ಪಾಠದ ಮಧ್ಯೆ ಎದ್ದು ನಿಂತಳು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಅವಳ ದಾಖಲೆಗಳೆಲ್ಲ.

"ಸರ್, ನಾನು ಹುಟ್ಟಿದ್ದು ಬೆಂಗಳೂರಾಗ. ಅಪ್ಪ ಅವ್ವ ಆಗ ಗುಳೆ ಹೋಗಿದ್ರು. ಸಾಲಿ ಅರ್ಧ ಅಲ್ಲಿ ಓದೀನಿ, ಅರ್ಧ ಇಲ್ಲಿ. ಮೂರು ಸಲ ಆಫೀಸಿಗೆ ಹೋದೆ, ಮೂರು ಸಲನೂ ಬ್ಯಾರೆ ಬ್ಯಾರೆ ಕಾಗದ ಕೇಳಿದ್ರು. ನಮ್ಮಂಥೋರಿಗೆ ಇದು ಬರ್ತೈತಾ ಇಲ್ಲಾ?"

ಎಂಥ ಪ್ರಶ್ನೆ ನೋಡಿ. ರಾಯಚೂರು, ಕೊಪ್ಪಳ, ಬಳ್ಳಾರಿಯಿಂದ ಗುಳೆ ಹೋಗುವ ಕುಟುಂಬಗಳಿಗೆ ಲೆಕ್ಕವಿಲ್ಲ. ಹಿಂದುಳಿದ ಭಾಗ ಅಂತಲೇ ಈ ಮೀಸಲಾತಿ ಬಂದದ್ದು. ಹಿಂದುಳಿದಿದ್ದಕ್ಕೇ ಜನ ಊರು ಬಿಟ್ಟದ್ದು. ಊರು ಬಿಟ್ಟದ್ದಕ್ಕೇ ಮಕ್ಕಳ ಕಾಗದಪತ್ರ ಚೆಲ್ಲಾಪಿಲ್ಲಿಯಾಗಿ ಮೀಸಲಾತಿ ಕೈಗೆ ಸಿಗದೆ ಹೋಗುವುದು. ಒಬ್ಬ ಸಂಸದ ಆರು ತಿಂಗಳಲ್ಲೂ ಕೈ ಹಾಕಬಹುದಾದ ವಿಷಯ ಇದು. ಒಂದು ಸಭೆ ಕರೆದರೆ ಸಾಕಿತ್ತು. ಯಾವ ಪಕ್ಷದ ವೇದಿಕೆಯಲ್ಲಾದರೂ ಇದಕ್ಕೆ ಹತ್ತು ನಿಮಿಷ ಕೊಡಬಹುದಿತ್ತು.

ವೇದಿಕೆಯ ಮೇಲೆ ಆದದ್ದೇ ಬೇರೆ. ಒಂದು ಕಡೆಯ ಹಿರಿಯ ನಾಯಕರು ಎದುರಿನವರಿಗೆ 371(ಜೆ) ಅಂದರೆ ಏನಂತ ಗೊತ್ತಾ ಎಂದು ಕೇಳಿದರು. ಇಲ್ಲಿಯವರೆಗೆ ಸರಿಯೇ, ಕೇಳಬೇಕಾದ ಪ್ರಶ್ನೆಯೇ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಅವರಿಗೆ ಗೊತ್ತಿರುವುದು ಅಪರಾಧದ ಕಲಮುಗಳು ಮಾತ್ರ ಎಂಬರ್ಥದ ಕುಟುಕು ಜೊತೆಗೇ ಬಂತು. 420 ಅನ್ನುವ ಸಂಖ್ಯೆ ಕನ್ನಡದಲ್ಲಿ ಬೈಗುಳವೇ ಅಲ್ವಾ? ಸಭೆ ಕೇಕೆ ಹಾಕಿತು.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಆ ತುಣುಕನ್ನು ಮರುದಿನ ನಾನೇ ಮೊಬೈಲಿನಲ್ಲಿ ಹಾಕಿ ತರಗತಿಗೆ ಕೇಳಿಸಿದೆ. ಪಾಠ ಶುರು ಮಾಡೋಕೆ ಒಳ್ಳೆ ನೆಪ ಅಂದುಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹುಡುಗಿ ನಗಲಿಲ್ಲ. ಅವಳ ಪ್ರಶ್ನೆಗೆ ಹಿಂದಿನ ದಿನ ನಾನು "ನಾಳೆ ಹೇಳ್ತೀನಮ್ಮಾ" ಅಂದಿದ್ದೆ. ಆ ನಾಳೆ ಬಂದಾಗ ವಿಡಿಯೋ ತೋರಿಸಿದೆ. ವೇದಿಕೆ ಮಾಡಿದ್ದನ್ನೇ ನಾನೂ ಮಾಡಿದ್ದೆ. ಪ್ರಶ್ನೆಯನ್ನು ಪಕ್ಕಕ್ಕಿಟ್ಟು ನಗುವನ್ನು ಕೊಟ್ಟಿದ್ದೆ. ಇದು ನನಗೆ ತಿಳಿಯೋಕೆ ಇನ್ನೂ ಕೆಲವು ದಿನ ಬೇಕಾಯಿತು.

ಮಾತು ಬೆಳೆಯುವಲ್ಲಿ ಮೈಕ್ ಹಿಡಿದ ವರದಿಗಾರರ ಪಾತ್ರ ದೊಡ್ಡದು. ಅವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅವರು ಹೀಗಂದಿದ್ದಾರೆ, ನೀವೇನಂತೀರಿ?" ಈ ಪ್ರಶ್ನೆಗೆ ಯೋಚನೆ ಬೇಡ, ಓದು ಬೇಡ. ಬಳ್ಳಾರಿಗೆ ಬರಬೇಕಾಗಿಯೂ ಇಲ್ಲ. ಆದರೆ ಕೇಳಿಸಿಕೊಂಡವನಿಗೆ ಇರುವುದು ಎರಡೇ ದಾರಿ. ಸುಮ್ಮನಿದ್ದರೆ ಸೋತಂತೆ, ಉತ್ತರ ಕೊಟ್ಟರೆ ಒಂದು ಮೆಟ್ಟಿಲು ಕೆಳಗೆ. "371(ಜೆ) ಬಗ್ಗೆ ನಿಮ್ಮ ಪಕ್ಷದ ನಿಲುವೇನು, ಖಾಲಿ ಹುದ್ದೆ ಯಾವಾಗ ತುಂಬ್ತೀರಿ" ಅಂತ ಇಬ್ಬರಿಗೂ ಅದೇ ಸಂಜೆ ಯಾರಾದರೂ ಕೇಳಿದ್ದರೆ ಮಾತು ಬೇರೆ ಕಡೆ ತಿರುಗುತ್ತಿತ್ತೇನೋ. ಬಹಿರಂಗ ಚರ್ಚೆಗೆ ಬನ್ನಿ ಅನ್ನುವ ಸವಾಲೂ ಕೇಳಿಬಂದಿತ್ತು. ಒಂದೇ ವೇದಿಕೆಯಲ್ಲಿ ಅವರು ಕೂತದ್ದನ್ನು ಮಾತ್ರ ನಾವು ನೋಡಲಿಲ್ಲ.

ಪ್ರಚಾರದ ಕೊನೆಯ ದಿನಗಳಲ್ಲಿ ಇನ್ನೊಂದು ಕಡೆಯ ಮಾಜಿ ಸಚಿವರೊಬ್ಬರ ಮಾತು ಬಂತು. ತಮ್ಮ ಮೇಲೆ ಕೇಸು ಹಾಕಿಸಿ, ವರ್ಷಗಟ್ಟಲೆ ಮಕ್ಕಳಿಂದ ದೂರ ಮಾಡಿದ್ದಕ್ಕೆ ದೇವರು ಆ ಹಿರಿಯ ನಾಯಕರಿಗೆ ಶಿಕ್ಷೆ ಕೊಟ್ಟಿದ್ದಾನೆ ಎಂದು. ಆ ನಾಯಕರ ದೊಡ್ಡ ಮಗ ಎರಡು ವರ್ಷದ ಹಿಂದೆ, 2016ರ ಜುಲೈನಲ್ಲಿ ವಿದೇಶದಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು.

ಆ ಸುದ್ದಿ ಬಂದಾಗ ನಾನು ಮೋತಿ ಸರ್ಕಲ್ ಹತ್ತಿರದ ಒಂದು ಚಹಾದಂಗಡಿಯಲ್ಲಿದ್ದೆ. ಮಂಡಾಳು ಒಗ್ಗರಣಿ ತಟ್ಟೆ ಕೈಯಲ್ಲಿತ್ತು. ಟಿವಿಯಲ್ಲಿ ಅದೇ ತುಣುಕು ಮತ್ತೆ ಮತ್ತೆ. ಸಾಮಾನ್ಯವಾಗಿ ಅಲ್ಲಿ ಜೋರು ವಾದ ನಡೆಯುತ್ತೆ, ಅವರ ಪಕ್ಷ ಇವರ ಪಕ್ಷ ಅಂತ. ಅವತ್ತು ಯಾರೂ ಮಾತಾಡಲಿಲ್ಲ. ಮೆಣಸಿನಕಾಯಿ ಮಂಡಿಯಲ್ಲಿ ಹಮಾಲಿ ಮಾಡುವ ವಯಸ್ಸಾದ ಒಬ್ಬರು ಬೀಡಿ ಆರಿಸಿ, "ಎಂಥಾ ಜಗಳ ಇರ್ಲಿ, ಸತ್ತ ಕೂಸಿನ ಸುದ್ದಿ ಎತ್ತಬಾರ್ದಪಾ" ಅಂದರು. ಮಾತಾಡಿದ ನಾಯಕರ ಪಕ್ಷಕ್ಕೇ ವೋಟು ಹಾಕುವವರು ಅವರು ಅಂತ ಅಂಗಡಿಯವರಿಗೆಲ್ಲ ಗೊತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ ಕೊಡಲಿ ಎತ್ತಿದವರಿದ್ದಾರೆ. ಆದರೆ ಕಟ್ಟೆಗೆ ನ್ಯಾಯಕ್ಕೆ ಕೂತಾಗ ಎದುರಾಳಿಯ ಮನೆಯ ಸಾವಿನ ಮಾತು ತೆಗೆದರೆ ಹಿರಿಯರು ಅಲ್ಲೇ ತಡೆಯುತ್ತಿದ್ದರು. ಗೆಲ್ಲುವ ಕೇಸನ್ನೂ ಆ ಒಂದು ಮಾತಿಗೆ ಸೋತವರನ್ನು ನಾನು ಕಂಡಿದ್ದೇನೆ. ಸಂಸ್ಕಾರ ಅನ್ನುವ ದೊಡ್ಡ ಪದ ಬೇಡ ಇದಕ್ಕೆ. ಜಗಳ ಮುಗಿದ ಮೇಲೂ ಒಂದೇ ಊರಲ್ಲಿ ಬಾಳಬೇಕಲ್ಲ, ಅದಕ್ಕೆ ಬೇಕಾದ ಗೆರೆ ಇದು.

ಮಗನನ್ನು ಕಳೆದುಕೊಂಡ ನಾಯಕರು ಕೊಟ್ಟ ಉತ್ತರವನ್ನೂ ದಾಖಲಿಸಬೇಕು. ನಿಮ್ಮ ತಪ್ಪಿಗೆ ನಿಮ್ಮ ಮಕ್ಕಳಿಗೆ ದೇವರು ಶಿಕ್ಷೆ ಕೊಡದಿರಲಿ ಎಂಬ ಅರ್ಥದ ಮಾತು ಅವರು ಬರೆದರು. ಮಾತಾಡಿದವರೂ ಆಮೇಲೆ ಕ್ಷಮೆ ಕೇಳಿದರು. ಮೊದಲ ಕುಟುಕು ಇವರದೇ ಆಗಿದ್ದರೂ ಕೊನೆಯ ಉತ್ತರ ನನ್ನನ್ನು ತಟ್ಟಿತು. ಇಡೀ ಪ್ರಚಾರದಲ್ಲಿ ವಯಸ್ಸಿಗೆ ತಕ್ಕ ಮಾತು ಅಂತ ನನಗೆ ಅನಿಸಿದ್ದು ಅದೊಂದೇ.

ಕಾನೂನಿನ ಕೈಗೆ ಸಿಗದ್ದು

ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಇದಕ್ಕೆ ನೀತಿ ಸಂಹಿತೆ ಇಲ್ವಾ?" ಇದೆ. ಪಕ್ಷಗಳ ಟೀಕೆ ಅವರ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಮಾತ್ರ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಟೀಕಿಸಬಾರದು ಅಂತ ಮಾದರಿ ನೀತಿ ಸಂಹಿತೆ ಶುರುವಿನಲ್ಲೇ ಹೇಳುತ್ತೆ. 1960ರ ಕೇರಳ ಚುನಾವಣೆಯ ಹೊತ್ತಿಗೆ ಹುಟ್ಟಿದ ಈ ಸಂಹಿತೆ ಇವತ್ತಿಗೂ ಸಂಸತ್ತು ಮಾಡಿದ ಕಾನೂನಲ್ಲ. ಪಕ್ಷಗಳ ಒಪ್ಪಿಗೆಯ ಮೇಲೆ ನಿಂತದ್ದು. ಆಯೋಗ ನೋಟಿಸು ಕೊಡಬಹುದು, ಪ್ರಚಾರದಿಂದ ಕೆಲವು ದಿನ ದೂರ ಇಡಬಹುದು. ಅಷ್ಟೊತ್ತಿಗೆ ಮಾತು ಪ್ರತಿ ಫೋನಿನಲ್ಲೂ ಓಡಿರುತ್ತೆ.

ಜನಪ್ರತಿನಿಧಿ ಕಾಯ್ದೆಯ 123(4) ಗಟ್ಟಿ ಕಾನೂನು. ಅದು ಹಿಡಿಯುವುದು ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಹಬ್ಬಿಸಿದ ಸುಳ್ಳನ್ನು. ಬಳ್ಳಾರಿಯಲ್ಲಿ ಬೈದವರೂ ಅಭ್ಯರ್ಥಿಯಲ್ಲ, ಬೈಸಿಕೊಂಡವರೂ ಅಭ್ಯರ್ಥಿಯಲ್ಲ. ಸಾವು ಸುಳ್ಳೂ ಅಲ್ಲ. ಕ್ರೂರವಾದ ಮಾತಿಗೆ ಕಲಮು ಸಿಗಲಿಲ್ಲ ಅಂದರೆ ಅದು ಸರಿ ಅಂತ ಅರ್ಥ ಅಲ್ಲ. ಈ ವ್ಯತ್ಯಾಸವನ್ನು ಆ ವಯಸ್ಸಿನ ಮಕ್ಕಳಿಗೆ ವಿವರಿಸುವುದು ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ.

ಮೊದಲು ಎಲ್ಲಾ ಚೆನ್ನಾಗಿತ್ತಾ?

ಹಾಗೆ ಹೇಳೋಕೆ ನನಗೆ ಮನಸ್ಸಿಲ್ಲ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದಾಗ ನಾನು ಕಾಲೇಜು ಹುಡುಗ. ಆಗಲೂ ಪ್ರಚಾರದ ನಡುಗಂಬವಾಗಿದ್ದದ್ದು ಹುಟ್ಟಿನ ಪ್ರಶ್ನೆ, ಸ್ವದೇಶಿ ಮಗಳು ವಿದೇಶಿ ಸೊಸೆ ಅನ್ನುವ ಮಾತು. ಗಣಿ ಧೂಳಾಗಲಿ ಕುಡಿಯುವ ನೀರಾಗಲಿ ಆಗಲೂ ಹಿಂದೆ ಬಿತ್ತು. ಸೋನಿಯಾ 56,100 ಮತಗಳಿಂದ ಗೆದ್ದರು, ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿ ಬಿಟ್ಟರು.

ಆದರೂ ಆ ಚುನಾವಣೆಯಲ್ಲಿ ಎರಡು ವಿಷಯ ಇದ್ದವು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಮತ ಕೇಳುವ ಮುಂಚೆ ನಮ್ಮ ಮಾತು ಕಲಿಯಬೇಕು ಅಂತ ಅವರಿಗೆ ಅನಿಸಿತ್ತು. ಸೋತ ಮೇಲೂ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದರು. ಎದುರು ಪಕ್ಷದ ಮನೆಯ ಹೆಂಗಸರೂ ಬಾಗಿನ ಕೊಡಲು ಹೋಗುತ್ತಿದ್ದರು, ನಮ್ಮ ಅತ್ತೆ ಕೂಡ ಒಂದು ಸಲ ಹೋಗಿ ಬಂದಿದ್ದರು. ಇನ್ನೊಂದು, ಆಗ ಭಾಷಣ ಇಡಿಯಾಗಿ ಕೇಳಬೇಕಿತ್ತು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತವನಿಗೆ ಬೈಗುಳದ ಜೊತೆ ಇನ್ನೂ ಹತ್ತು ವಿಷಯ ಕಿವಿಗೆ ಬೀಳುತ್ತಿತ್ತು. 2018ಕ್ಕೆ ಬರುವ ಹೊತ್ತಿಗೆ ಹತ್ತು ಸೆಕೆಂಡಿನ ತುಣುಕಷ್ಟೇ ಬಾಕಿ. ನಾಯಕರಿಗೂ ಇದು ಗೊತ್ತು. ಉಳಿದ ಮುಕ್ಕಾಲು ಗಂಟೆಗೆ ಅವರೂ ತಯಾರಿ ಬಿಟ್ಟರು.

ಫಲಿತಾಂಶದ ಬಗ್ಗೆ ಎರಡು ಮಾತು

ನವೆಂಬರ್ 6, ದೀಪಾವಳಿ ರಜೆಯಲ್ಲಿ ಎಣಿಕೆ. ಉಗ್ರಪ್ಪ 2,43,161 ಮತಗಳ ಅಂತರದಲ್ಲಿ ಗೆದ್ದರು. ಕೆಟ್ಟ ಮಾತಿಗೆ ಮತದಾರ ಪಾಠ ಕಲಿಸಿದ ಅಂತ ಬಹಳ ಜನ ಹೇಳಿದರು. ನನಗೆ ಒಪ್ಪಿಗೆಯಿಲ್ಲ. ರಾಜ್ಯದಲ್ಲಿ ಎರಡು ಪಕ್ಷ ಕೂಡಿ ಸರ್ಕಾರ ಮಾಡಿದ್ದವು, ಅದರ ಬಲ ಇತ್ತು. ಆರೇ ತಿಂಗಳಲ್ಲಿ 2019ರ ಸಾರ್ವತ್ರಿಕ ಚುನಾವಣೆ ಬಂದಾಗ ಅದೇ ಉಗ್ರಪ್ಪ ಬಿಜೆಪಿಯ ವೈ. ದೇವೇಂದ್ರಪ್ಪ ಎದುರು ಸೋತರು. ಬೈಗುಳಕ್ಕೆ ಮತಪೆಟ್ಟಿಗೆಯೇ ಶಿಕ್ಷೆ ಕೊಡುತ್ತೆ ಅಂತ ನಂಬಿ ಕೂತರೆ ನಾವು ಮೋಸ ಹೋಗುತ್ತೇವೆ. ಈ ಪ್ರಕರಣದ ನಿಜವಾದ ನಷ್ಟ ಯಾರ ಸೋಲಿನಲ್ಲೂ ಕಾಣುವುದಿಲ್ಲ. 371(ಜೆ) ಬಗ್ಗೆ ಎಲ್ಲರೂ ಕಿವಿಗೊಟ್ಟಿದ್ದ ಒಂದು ವಾರ ಸಿಕ್ಕಿತ್ತು. ಆ ವಾರ ಹಾಗೇ ಹೋಯಿತು.

ಮೈಕ್ ಇಲ್ಲದ ಬೆಳಗ್ಗೆ

ಮತದಾನ ಮುಗಿಯುವುದಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಹಾಗಾಗಿ ರಾಜ್ಯೋತ್ಸವದ ಸಂಜೆಗೆ ಮೈಕುಗಳು ಬಂದ್ ಆದವು. ನವೆಂಬರ್ 2ರ ಬೆಳಗ್ಗೆ ಎಂಟಕ್ಕೆ ನಾವು ತರಗತಿ ಶುರು ಮಾಡಿದಾಗ ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ.

ನಾನು ಮೊದಲು ಆ ಹುಡುಗಿಯ ಹತ್ತಿರ ತಪ್ಪಾಯಿತು ಅಂದೆ. ಅವಳಿಗೆ ಮುಜುಗರವಾಯಿತು, "ಬಿಡ್ರಿ ಸರ್" ಅಂದಳು. ಆಮೇಲೆ ಬೋರ್ಡು ಒರೆಸಿ, ಈ ಚುನಾವಣೆಯಲ್ಲಿ ನಿಂತವರಿಗೆ 371(ಜೆ) ಬಗ್ಗೆ ನೀವು ಕೇಳಬೇಕಾದ್ದನ್ನು ಬರೆಯಿರಿ ಅಂದೆ. ಒಬ್ಬೊಬ್ಬರೇ ಎದ್ದು ಬಂದರು. ಖಾಲಿ ಇರುವ ಶಿಕ್ಷಕರ ಹುದ್ದೆ ಯಾವಾಗ ತುಂಬುತ್ತೀರಿ. ಇಲ್ಲಿನ ಮೀಸಲು ಹುದ್ದೆಗೆ ಸೇರಿದವರು ವರ್ಗ ಮಾಡಿಸಿಕೊಂಡು ಬೆಂಗಳೂರಿಗೆ ಹೋದರೆ ನಮ್ಮ ಶಾಲೆಗೆ ಯಾರು. ಅಭಿವೃದ್ಧಿ ಮಂಡಳಿಯ ಹಣ ನಮ್ಮ ತಾಲ್ಲೂಕಿಗೆ ಎಷ್ಟು ಬಂತು, ಎಲ್ಲಿ ನೋಡಬೇಕು. ಖಾಸಗಿ ಉಕ್ಕಿನ ಕಾರ್ಖಾನೆಯಲ್ಲಿ ನಮಗೆ ಪಾಲು ಯಾಕಿಲ್ಲ. ಸಂಡೂರಿನ ಒಬ್ಬ ಹುಡುಗ ಗಣಿ ಮುಚ್ಚಿದಾಗ ಅವನ ಅಪ್ಪನ ಲಾರಿ ಕೆಲಸ ಹೋದ ಕಥೆ ಹೇಳುತ್ತಾ ಪ್ರಶ್ನೆ ಬರೆಯುವುದನ್ನೇ ಮರೆತ. ಮೂರು ಗಂಟೆ ಹೋದದ್ದು ಗೊತ್ತಾಗಲಿಲ್ಲ.

ಕೊನೆಯದನ್ನು ಸಿರುಗುಪ್ಪದ ಹುಡುಗಿ ಬರೆದಳು: "ಗುಳೆ ಹೋದವರ ಮಕ್ಕಳು ಯಾವ ಊರಿನವರು?" ಬರೆದು ಬಂದು ಕೂತ ಮೇಲೆ ಮೆಲ್ಲಗೆ ಹೇಳಿದಳು, "ಸರ್, ನನಗ ಇಲ್ಲಿ ವೋಟೇ ಇಲ್ಲ." ನಿಜ. ಸಿರುಗುಪ್ಪ ಬಳ್ಳಾರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತೆ.

ಅವಳಿಗೆ ಪ್ರಮಾಣಪತ್ರ ಸಿಕ್ಕಿದ್ದು ಮರುವರ್ಷ ಏಪ್ರಿಲಿನಲ್ಲಿ, ಆರನೇ ಸಲ ಕಚೇರಿಗೆ ಹೋದಾಗ. ಆ ಪ್ಲಾಸ್ಟಿಕ್ ಕವರು ಅಷ್ಟೊತ್ತಿಗೆ ಹರಿದು, ಬದಲಿಗೆ ಒಂದು ಫೈಲು ಬಂದಿತ್ತು. ಹೊರಗೆ ರಸ್ತೆಯಲ್ಲಿ ಮತ್ತೊಂದು ಚುನಾವಣೆಯ ಪ್ರಚಾರ ನಡೆಯುತ್ತಿತ್ತು. ಪತ್ರವನ್ನು ನನಗೆ ತೋರಿಸುತ್ತಾ ಅವಳು ಏನೋ ಹೇಳಿದಳು. ಆಟೋ ಹೋಗುವವರೆಗೆ ಕಾದು, ಇನ್ನೊಮ್ಮೆ ಹೇಳಮ್ಮಾ ಅಂದೆ.